ನೆಟ್ ಕೈಕೊಟ್ಟಾಗ ಕನ್ನಡ ಪಾಠದ ಗತಿಯೇನು?

ನಿಮ್ಮ ಮನೆಯಲ್ಲಿ ನೆಟ್ ಇದೆ. ಅದು ಫೋನಿನ ಹಾಟ್‌ಸ್ಪಾಟ್ ಇರಬಹುದು, ಸಿಮ್ ಹಾಕುವ ಪುಟ್ಟ ರೂಟರ್ ಇರಬಹುದು, ತಾರಸಿಯ ಮೇಲೆ ಡಬ್ಬಿ ಕೂರಿಸಿ ಕೊಡುವ ಏರ್‌ಫೈಬರ್ ಇರಬಹುದು. ತಂತಿಯಿಲ್ಲದೆ ಬರುವ ಈ ನೆಟ್ ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ. ಸಂಜೆ ಏಳಕ್ಕೆ ಮಗು ವಿಜ್ಞಾನದ ಪಾಠ ಹಾಕಿಕೊಂಡು ಕೂತರೆ ಪರದೆಯ ಮೇಲೆ ಚಕ್ರ ತಿರುಗಲು ಶುರುವಾಗುತ್ತದೆ. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಕೊನೆಗೆ ಮಗು ಪುಸ್ತಕ ಮಡಚಿ ಏಳುತ್ತದೆ.

ಪಕ್ಕದ ಮನೆಯ ತಮಿಳು ಮಾಧ್ಯಮದ ಹುಡುಗನಿಗೂ ಇದೇ ಟವರ್, ಇದೇ ಚಕ್ರ. ಆದರೆ ಇಬ್ಬರ ಕಷ್ಟ ಒಂದೇ ಅಲ್ಲ. ಅವನಿಗೆ ಬೀದಿಯ ಕೊನೆಯಲ್ಲಿ ಟ್ಯೂಷನ್ ಇದೆ, ಅಂಗಡಿಯಲ್ಲಿ ಗೈಡ್ ಇದೆ, ಟಿವಿಯಲ್ಲಿ ಸರ್ಕಾರದ ಕಲ್ವಿ ವಾಹಿನಿ ಇದೆ, ಗೊತ್ತಾಗದ್ದನ್ನು ಹೇಳಿಕೊಡಲು ಮೇಲಿನ ಮನೆಯ ಅಕ್ಕ ಇದ್ದಾಳೆ. ಕೊಯಮತ್ತೂರು, ತಿರುಪ್ಪೂರಿನಲ್ಲಿ ಕನ್ನಡ ಓದುವ ಮಗುವಿಗೆ ಇವುಗಳಲ್ಲಿ ಒಂದೂ ಸುಲಭಕ್ಕೆ ಸಿಗುವುದಿಲ್ಲ. ಕನ್ನಡದ ಪಾಠ, ಕನ್ನಡದ ಪುಸ್ತಕ, ಕನ್ನಡದ ಮೇಷ್ಟ್ರ ದನಿ ಎಲ್ಲವೂ ಅದಕ್ಕೆ ತಲುಪುವುದು ಹೆಚ್ಚಾಗಿ ಆ ಒಂದು ಫೋನಿನ ಮೂಲಕ. ತಮಿಳು ಮಗುವಿಗೆ ನೆಟ್ ಹಲವು ದಾರಿಗಳಲ್ಲಿ ಒಂದು. ಕನ್ನಡ ಮಗುವಿಗೆ ಅದೇ ದಾರಿ. ಹಾಗಾಗಿ ನೆಟ್ ಕೈಕೊಟ್ಟರೆ ಏನು ಎಂಬ ಪ್ರಶ್ನೆ ನಮಗೆ ಬರೀ ರೀಚಾರ್ಜಿನ ಪ್ರಶ್ನೆಯಲ್ಲ, ಮಾಧ್ಯಮ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಗೆರೆಯ ಈಚೆ ಉಳಿದವರು

ಈ ಸೀಮೆಗೆ ಕನ್ನಡ ಹೊಸದಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಅಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ ಇಲ್ಲೇ ಉಳಿಯಿತು. ಮುಂದೆ 1979ರಲ್ಲಿ ಜಿಲ್ಲೆ ಒಡೆದಾಗ ಇಂದಿನ ಈರೋಡಿನ ಕಡೆಗೆ ಸೇರಿತು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಆ ತಾಳವಾಡಿ ಸೀಮೆಯಲ್ಲೇ. ತಿರುಪ್ಪೂರು 2009ರಲ್ಲಿ ಬೇರೆ ಜಿಲ್ಲೆಯಾಯಿತು. ಗೆರೆಗಳು ಹೀಗೆ ಸರಿಯುತ್ತ ಬಂದರೂ ದೇವಾಂಗ ನೇಕಾರರ ಮನೆಗಳಲ್ಲಿ, ಮೈಸೂರು ಕಡೆಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 12.8 ಲಕ್ಷ ಮಂದಿ.

ಮನೆಮಾತು ಉಳಿದಷ್ಟು ಸುಲಭವಾಗಿ ಶಾಲೆಯ ಮಾತು ಉಳಿದಿಲ್ಲ. ಈ ಪುಟ ಓದುವ ನಿಮ್ಮಲ್ಲಿ ಕೆಲವರ ಮಕ್ಕಳು ತಾಳವಾಡಿ ಕಡೆ ಅಥವಾ ಚಾಮರಾಜನಗರದ ಕಡೆ ಅಜ್ಜಿಮನೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು ಕನ್ನಡ ಮಾಧ್ಯಮದಲ್ಲಿ ಓದುತ್ತಾರೆ. ನೀವು ಇಲ್ಲಿ ಬನಿಯನ್ ಕಂಪನಿಯಲ್ಲಿ, ಮಿಲ್ಲಿನಲ್ಲಿ, ಅಂಗಡಿಯಲ್ಲಿ ದುಡಿಯುತ್ತೀರಿ. ರಾತ್ರಿ ವಿಡಿಯೋ ಕರೆಯಲ್ಲೇ ಹೋಂವರ್ಕ್ ನೋಡುತ್ತೀರಿ. ಇನ್ನು ಕೆಲವರ ಮಕ್ಕಳು ನಿಮ್ಮ ಜೊತೆಗೇ ಇದ್ದಾರೆ. ರಜೆಯಲ್ಲಿ, ಪರೀಕ್ಷೆಗೆ ಮುಂಚೆ, ಕಾಯಿಲೆ ಬಿದ್ದಾಗ ಅವರ ಕನ್ನಡ ಓದು ನಡೆಯುವುದು ಫೋನಿನಲ್ಲಿ. ಎರಡೂ ಕಡೆ ಭಾರ ಬೀಳುವುದು ಒಂದೇ ಕೊಂಡಿಯ ಮೇಲೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ತಮಿಳುನಾಡಿನ ಕನ್ನಡ ಮಾಧ್ಯಮ ಶಾಲೆಯ ಪುಸ್ತಕ ಕನ್ನಡದಲ್ಲಿದ್ದರೂ ಪಠ್ಯಕ್ರಮ ತಮಿಳುನಾಡಿನದು. ನೆಟ್‌ನಲ್ಲಿ ಸಿಗುವ ಕನ್ನಡ ಪಾಠಗಳು ಬಹುಪಾಲು ಕರ್ನಾಟಕದ ಪಠ್ಯಕ್ರಮದವು. ದ್ಯುತಿಸಂಶ್ಲೇಷಣೆ ಎರಡು ಕಡೆಯೂ ಒಂದೇ, ಆದರೆ ಅಧ್ಯಾಯದ ಕ್ರಮ ಬೇರೆ, ತರಗತಿ ಬೇರೆ ಇರಬಹುದು. ಹಾಗಾಗಿ ನಮ್ಮ ಮಗು ಒಂದು ಪಾಠ ಹುಡುಕಲು ನಾಲ್ಕು ವಿಡಿಯೋ ತೆರೆದು ನೋಡಬೇಕು. ನೆಟ್ ಚೆನ್ನಾಗಿದ್ದವರಿಗೆ ಅದು ಐದು ನಿಮಿಷದ ಕೆಲಸ. ಎಡವುವ ನೆಟ್ ಇದ್ದವರಿಗೆ ಇಡೀ ಸಂಜೆಯೇ ಕಳೆದುಹೋಗುತ್ತದೆ.

2020 ಕಲಿಸಿದ್ದು

ಶಾಲೆ ಮುಚ್ಚಿದ 2020ರಲ್ಲಿ ಈ ಕೊರತೆ ಎಲ್ಲರ ಕಣ್ಣಿಗೆ ಬಿತ್ತು. ತಮಿಳುನಾಡು 2019ರ ಆಗಸ್ಟ್‌ನಲ್ಲಿ ಆರಂಭಿಸಿದ್ದ ಕಲ್ವಿ ವಾಹಿನಿಯನ್ನು ಪಾಠಕ್ಕೆ ಬಳಸಿಕೊಂಡಿತು. ಅಲ್ಲಿನ ಪಾಠದ ಭಾಷೆ ಮುಖ್ಯವಾಗಿ ತಮಿಳು. ಕೇರಳ ಜೂನ್ 1ರಂದೇ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠ ಶುರುಮಾಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡ ಪಾಠಗಳನ್ನೂ ತಯಾರಿಸಿ ಯೂಟ್ಯೂಬಿಗೆ ಹಾಕಿತು. ಕರ್ನಾಟಕ ಜುಲೈಯಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳನ್ನು ಕೊಟ್ಟಿತು. ಮೂರು ರಾಜ್ಯಗಳ ಈ ಮೂರು ಏರ್ಪಾಟುಗಳಲ್ಲಿ ತಮಿಳುನಾಡಿನ ಕನ್ನಡ ಮಗುವನ್ನೇ ಎದುರಿಗಿಟ್ಟುಕೊಂಡು ಮಾಡಿದ್ದು ಯಾವುದು ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು.

ಆ ಹೊತ್ತಿನ ಅಂಕಿಗಳನ್ನು ನೆನಪಿಡುವುದು ಒಳ್ಳೆಯದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ನೂರು ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಸುಮಾರು 24 ಮನೆಗಳಲ್ಲಿ. ಹಳ್ಳಿಗಳಲ್ಲಿ 15ರಷ್ಟು ಮಾತ್ರ. ಮಗು ಶಾಲೆಗೆ ಹೋಗುವ ಗ್ರಾಮೀಣ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ 36ರಷ್ಟಿದ್ದದ್ದು 2020ಕ್ಕೆ ಶೇ 62ರ ಹತ್ತಿರ ಬಂತು ಎಂದು ಅಸರ್ ಸಮೀಕ್ಷೆ ಹೇಳಿತು. ಜಗತ್ತಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಮನೆಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಯುನಿಸೆಫ್ ಅದೇ ವರ್ಷದ ಡಿಸೆಂಬರ್‌ನಲ್ಲಿ ವರದಿ ಮಾಡಿತು. ಅಲ್ಲಿಂದೀಚೆಗೆ ಫೋನ್ ಮನೆಮನೆಗೆ ಬಂದಿದೆ. 2022ರ ಅಕ್ಟೋಬರ್ 1ಕ್ಕೆ 5ಜಿ ಆರಂಭವಾಯಿತು. ಈಗಿನ ಪ್ರಶ್ನೆ ನೆಟ್ ಇದೆಯೋ ಇಲ್ಲವೋ ಎಂಬುದಲ್ಲ. ಪಾಠದ ಹೊತ್ತಿಗೆ ಅದು ನಿಲ್ಲದೆ ಬರುತ್ತದೋ ಇಲ್ಲವೋ ಎಂಬುದು. ಸಮೀಕ್ಷೆಯ 'ಇದೆ' ಎಂಬ ಖಾನೆಯಲ್ಲಿ ನಿಮ್ಮ ಮನೆ ಸೇರಿಹೋಗಿರುತ್ತದೆ. ಸಂಜೆ ಏಳರ ಚಕ್ರಕ್ಕೆ ಅಲ್ಲಿ ಖಾನೆಯಿಲ್ಲ.

ಯಾಕೆ ಎಡವುತ್ತದೆ?

ತಂತಿಯಿಲ್ಲದ ನೆಟ್ ನಿಮ್ಮ ಮಗುವಿನ ಕೈಗೆ ಬರುವುದು ಎರಡು ಜಿಗಿತಗಳಲ್ಲಿ. ಮೊದಲನೆಯದು ಟವರಿನಿಂದ ನಿಮ್ಮ ಮನೆಗೆ. ಎರಡನೆಯದು ಮನೆಯೊಳಗೆ, ರೂಟರಿನಿಂದ ಮಗು ಕೂತ ಕೋಣೆಗೆ. ಯಾವ ಜಿಗಿತದಲ್ಲಿ ಎಡವುತ್ತಿದೆ ಎಂದು ತಿಳಿಯದೆ ಪ್ಲಾನ್ ಬದಲಿಸಿದರೆ ದುಡ್ಡು ದಂಡ.

ಮೊದಲ ಜಿಗಿತದ ದೊಡ್ಡ ತೊಂದರೆ ಜನಸಂದಣಿ. ಒಂದು ಟವರಿನ ಸಾಮರ್ಥ್ಯವನ್ನು ಆ ಪ್ರದೇಶದ ಎಲ್ಲ ಫೋನುಗಳೂ ಹಂಚಿಕೊಳ್ಳುತ್ತವೆ. ತಿರುಪ್ಪೂರಿನಲ್ಲಿ ಪಾಳಿ ಬಿಟ್ಟ ಮೇಲೆ ಲೈನ್ ಮನೆಗಳ ವಠಾರಕ್ಕೆ ಜನ ಹಿಂತಿರುಗುತ್ತಾರೆ. ಒಡಿಶಾ, ಬಿಹಾರದಿಂದ ಬಂದವರು ಊರಿಗೆ ವಿಡಿಯೋ ಕರೆ ಮಾಡುತ್ತಾರೆ, ಉಳಿದವರು ಸಿನಿಮಾ ಹಾಕುತ್ತಾರೆ. ಅದೇ ಹೊತ್ತಿಗೆ ನಮ್ಮ ಮಕ್ಕಳು ಪುಸ್ತಕ ತೆಗೆಯುವುದು. ಫೋನಿನಲ್ಲಿ ನಾಲ್ಕೂ ಕಡ್ಡಿ ಕಂಡರೂ ಪಾಠ ಓಡದೆ ಇರುವುದು ಈ ಕಾರಣಕ್ಕೆ. ಕಡ್ಡಿ ತೋರಿಸುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಸಾಲಿನಲ್ಲಿ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ ಎಂಬುದನ್ನು ಅಲ್ಲ.

ಎರಡನೆಯದು ನೆಲ. ವಾಲ್ಪಾರೆಯ ತೋಟಗಳಲ್ಲಿ, ಆನೆಮಲೆಯ ತಪ್ಪಲಲ್ಲಿ, ಮೇಟುಪಾಳಯದ ಮೇಲಿನ ಏರುಗಳಲ್ಲಿ ಗುಡ್ಡವೇ ಸಿಗ್ನಲಿಗೆ ಗೋಡೆ. ಬಯಲಿನ ಪಲ್ಲಡಂ, ಉಡುಮಲಪೇಟೆಯಲ್ಲಿ ಗುಡ್ಡದ ತಡೆ ಕಡಿಮೆ, ಆದರೆ ಗಾಳಿಯ ಕಾಟ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಯನ್ನು ನಂಬಿಯೇ ಅಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುವ ಮಾತು ತಮಿಳಿನಲ್ಲಿ ಮನೆಮಾತು. ತಾರಸಿಯ ಮೇಲಿನ ಏರ್‌ಫೈಬರ್ ಡಬ್ಬಿ ಆ ಗಾಳಿಗೆ ತುಸು ತಿರುಗಿದರೂ ಸಾಕು, ಟವರಿನ ನೇರ ತಪ್ಪಿ ವೇಗ ಬಿದ್ದುಹೋಗುತ್ತದೆ.

ಮೂರನೆಯದು ಚಾವಣಿ. ತಗಡಿನ ಚಾವಣಿ ಸಿಗ್ನಲನ್ನು ಹಿಂದಕ್ಕೆ ತಳ್ಳುತ್ತದೆ. ಒಂದೇ ಬಾಗಿಲು, ಒಂದೇ ಕಿಟಕಿಯ ತಗಡಿನ ಮನೆಯಲ್ಲಿ ಫೋನನ್ನು ಒಳಗೋಡೆಯ ಮೊಳೆಗೆ ನೇತುಹಾಕುವುದಕ್ಕೂ ಕಿಟಕಿಯಲ್ಲಿ ಇಡುವುದಕ್ಕೂ ಬಹಳ ವ್ಯತ್ಯಾಸ.

ನಾಲ್ಕನೆಯದು ಕರೆಂಟು. ಕರೆಂಟ್ ಹೋದರೆ ನಿಮ್ಮ ರೂಟರ್ ಕೂಡಲೇ ಆರುತ್ತದೆ. ಟವರ್ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ, ಬ್ಯಾಟರಿ ಹಳೆಯದಾದರೆ ಅದೂ ಆರುತ್ತದೆ. ಸಬ್‌ಸ್ಟೇಷನ್ ನಿರ್ವಹಣೆಗೆಂದು ಹಗಲಿಡೀ ಕರೆಂಟ್ ತೆಗೆಯುವ ದಿನಗಳನ್ನು ಪತ್ರಿಕೆಗಳಲ್ಲಿ ಮುಂಚಿತವಾಗಿ ಪ್ರಕಟಿಸುತ್ತಾರೆ. ಆ ಪಟ್ಟಿಯನ್ನು ಮಗುವಿನ ಟೈಮ್‌ಟೇಬಲ್ ಪಕ್ಕದಲ್ಲೇ ಅಂಟಿಸಿ.

ಇನ್ನು ಮನೆಯೊಳಗಿನ ಜಿಗಿತ. ವೈಫೈಗೆ ಎರಡು ಪಟ್ಟಿಗಳಿವೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದರಲ್ಲೇ ಕಿಕ್ಕಿರಿದಿರುತ್ತದೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರನ್ನು ಬೀರುವಿನ ಹಿಂದೆ, ನೀರಿನ ಡ್ರಮ್ಮಿನ ಪಕ್ಕ, ಟಿವಿಯ ಹಿಂದೆ ಇಟ್ಟರೆ ಕಬ್ಬಿಣ, ನೀರು ಎರಡೂ ಸಿಗ್ನಲನ್ನು ತಿನ್ನುತ್ತವೆ.

ಮೊದಲು ಪತ್ತೆ, ಆಮೇಲೆ ಖರ್ಚು

ಒಂದು ವಾರ ಈ ಕೆಲಸ ಮಾಡಿ ನೋಡಿ. ಟ್ರಾಯ್ ಸಂಸ್ಥೆಯ 'ಮೈಸ್ಪೀಡ್' ಆ್ಯಪ್ ಉಚಿತವಾಗಿ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಎಂಟಕ್ಕೆ ದಿನಕ್ಕೆ ಮೂರು ಸಲ ವೇಗ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯುವ ಕೆಲಸವನ್ನು ಮಗುವಿಗೇ ಕೊಡಿ, ಸರಾಸರಿ ಲೆಕ್ಕವೂ ಕಲಿತಂತಾಯಿತು. ಪ್ರತಿ ಸಲ ಎರಡು ಜಾಗದಲ್ಲಿ ಅಳೆಯಿರಿ: ರೂಟರಿನ ಪಕ್ಕದಲ್ಲಿ ಒಮ್ಮೆ, ಮಗು ಓದುವ ಜಾಗದಲ್ಲಿ ಒಮ್ಮೆ.

ರೂಟರಿನ ಪಕ್ಕ ಚೆನ್ನಾಗಿದ್ದು ಓದುವ ಜಾಗದಲ್ಲಿ ಬಿದ್ದರೆ ತಪ್ಪು ಮನೆಯೊಳಗಿನದು. ರೂಟರನ್ನು ಎತ್ತರದಲ್ಲಿ, ಮನೆಯ ನಡುವೆ ಇಡಿ. ಇಲ್ಲವೇ ಮಗುವನ್ನೇ ರೂಟರಿನ ಹತ್ತಿರ ಕೂರಿಸಿ, ಅದಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಎಂಟಕ್ಕೆ ಎರಡೂ ಕಡೆ ಬಿದ್ದರೆ ಅದು ಟವರಿನ ಸಂದಣಿ. ಹೊಸ ರೂಟರ್ ತಂದರೂ ಅದು ಸರಿಹೋಗುವುದಿಲ್ಲ. ಯಾವ ಹೊತ್ತಿನಲ್ಲೂ ಚೆನ್ನಾಗಿಲ್ಲದಿದ್ದರೆ ಸಿಗ್ನಲೇ ದುರ್ಬಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ನೋಡಿದರೆ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110 ದಾಟಿದರೆ ಕಷ್ಟ. ಆ ಅಂಕಿಯನ್ನು ನೋಡಿಕೊಂಡು ಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ನಡೆಯಿರಿ. ಯಾವ ಮೂಲೆ ಒಳ್ಳೆಯದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಸಿಮ್ ಬದಲಿಸುವ ಮುನ್ನ ಪಕ್ಕದ ಮನೆಯವರ ಬೇರೆ ಕಂಪನಿಯ ಫೋನಿನಲ್ಲಿ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅಳೆದು ನೋಡಿ. ಜಾಹೀರಾತು ಊರಿಗೆಲ್ಲ ಒಂದೇ, ಟವರ್ ಬೀದಿಗೊಂದು ತರಹ. ಎರಡು ಸಿಮ್ ಹಿಡಿಯುವ ಫೋನಿದ್ದರೆ ಎರಡನೆಯದು ಬೇರೆ ಕಂಪನಿಯದೇ ಇರಲಿ. ತಾಳವಾಡಿಯ ಅಜ್ಜಿಮನೆಗೆ ಸಿಮ್ ಆರಿಸುವಾಗಲೂ ಇದೇ ಮಾತು: ಇಲ್ಲಿ ಯಾವುದು ಚೆನ್ನಾಗಿದೆ ಎಂದು ನೋಡಿ ಕೊಡಬೇಡಿ, ಅಲ್ಲಿ ಯಾವುದು ಸಿಗುತ್ತದೆ ಎಂದು ಕೇಳಿ ಕೊಡಿ. ರೂಟರ್ ಇದ್ದವರು ಅದಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಕೊಂಡರೆ ಸಣ್ಣ ಕರೆಂಟ್ ಕಡಿತಗಳು ಪಾಠ ಮುರಿಯುವುದಿಲ್ಲ. ನಿಮ್ಮ ಬೀದಿಗೆ ತಂತಿಯ ಫೈಬರ್ ಬಂದಿದ್ದು, ಮನೆ ಮಾಲೀಕರು ಒಪ್ಪಿದರೆ, ತಿಂಗಳ ಬಾಡಿಗೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ, ತಂತಿಯದನ್ನೇ ಹಾಕಿಸಿಕೊಳ್ಳಿ. ಸಂದಣಿಯ ಹೊತ್ತಿನಲ್ಲಿ ತಂತಿಯಷ್ಟು ಸ್ಥಿರವಾಗಿ ಗಾಳಿಯ ನೆಟ್ ನಡೆಯುವುದಿಲ್ಲ.

ನೀರು ತುಂಬಿಸಿಡುವ ಹಾಗೆ

ಇಷ್ಟೆಲ್ಲ ಮಾಡಿದರೂ ಸಂಜೆಯ ಸಂದಣಿಯನ್ನು ನೀವೊಬ್ಬರೇ ಕರಗಿಸಲಾರಿರಿ. ಆದರೆ ಅದರ ಜೊತೆ ಬದುಕುವ ಉಪಾಯ ಈ ಊರುಗಳ ಮನೆಗಳಿಗೆ ಹೊಸದೇನಲ್ಲ. ನಲ್ಲಿಯಲ್ಲಿ ನೀರು ದಿನವಿಡೀ ಬಾರದಿದ್ದರೆ ಬಂದ ಹೊತ್ತಿಗೆ ತುಂಬಿಸಿಟ್ಟುಕೊಳ್ಳುತ್ತೀರಿ. ಪಾಠವನ್ನೂ ಹಾಗೇ ತುಂಬಿಸಿಡಿ. ಬೆಳಿಗ್ಗೆ ಐದು, ಆರರ ಹೊತ್ತಿಗೆ ಟವರ್ ಬಿಡುವಾಗಿರುತ್ತದೆ. ಆ ದಿನದ ಪಾಠಗಳನ್ನು ಆಗಲೇ ಡೌನ್‌ಲೋಡ್ ಮಾಡಿ, ಸಂಜೆ ನೆಟ್ ಮುಟ್ಟದೆ ನೋಡಿ.

ಲೆಕ್ಕ ಹಾಕಿದರೆ ಇದರ ಲಾಭ ತಿಳಿಯುತ್ತದೆ. ಒಂದು ಗಂಟೆಯ ವಿಡಿಯೋ ಸ್ಪಷ್ಟ ಗುಣಮಟ್ಟದಲ್ಲಿ ಸುಮಾರು 1 ಜಿಬಿ ನುಂಗುತ್ತದೆ; ಸಾಧಾರಣ ಗುಣಮಟ್ಟಕ್ಕೆ ಇಳಿಸಿದರೆ ಅದರ ಅರ್ಧವೋ ಇನ್ನೂ ಕಡಿಮೆಯೋ ಸಾಕು. ಕರಿಹಲಗೆಯ ಅಕ್ಷರ ಓದಲು ಅಷ್ಟು ಸಾಲುತ್ತದೆ. ಬರೀ ಧ್ವನಿಯಾದರೆ ಗಂಟೆಗೆ 30 ಎಂಬಿ ಆಸುಪಾಸು. 20 ಎಂಬಿಯ ಪಠ್ಯಪುಸ್ತಕದ ಕಡತ 2 ಎಂಬಿಪಿಎಸ್ ವೇಗದಲ್ಲಿ ಒಂದೂವರೆ ನಿಮಿಷದೊಳಗೆ ಇಳಿಯುತ್ತದೆ. ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೆ ಅದೇ ಪುಸ್ತಕಕ್ಕೆ ನಲವತ್ತು ನಿಮಿಷ ಬೇಕು. 2024ರ ಜುಲೈಯಲ್ಲಿ ದರ ಏರಿದ ಮೇಲೆ ಪ್ರತಿ ಜಿಬಿಗೂ ಬೆಲೆಯಿದೆ. ಮಗು ಒಂದೇ ಪಾಠವನ್ನು ಮೂರು ಸಲ ನೋಡುತ್ತದೆ. ಇಳಿಸಿಟ್ಟರೆ ಡೇಟಾ ಒಮ್ಮೆ ಮಾತ್ರ ಖರ್ಚು.

ಎಲ್ಲಿಂದ ಇಳಿಸಿಕೊಳ್ಳುವುದು? ಕೇಂದ್ರ ಸರ್ಕಾರದ 'ದೀಕ್ಷಾ' ಆ್ಯಪ್‌ನಲ್ಲಿ ಪಾಠಗಳನ್ನು ಫೋನಿಗೆ ಇಳಿಸಿಟ್ಟು ನೆಟ್ ಇಲ್ಲದೆ ನೋಡಬಹುದು. ಇಳಿಸಿದ್ದನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸಲೂ ಬಹುದು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಮುದ್ರಿಸಿರುವ ಕ್ಯೂಆರ್ ಚೌಕ ಅಲ್ಲಿಗೇ ಕರೆದೊಯ್ಯುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ತಮಿಳುನಾಡಿನ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಾದರೆ ಶಾಲೆಯ ಪುಸ್ತಕವನ್ನು ಮುಂದಿಟ್ಟುಕೊಂಡೇ ವಿಡಿಯೋ ಆರಿಸಿ. ತರಗತಿಯ ಹೆಸರು ನೋಡಿ ಹುಡುಕಬೇಡಿ, ಪಾಠದ ಹೆಸರು ಹಾಕಿ ಹುಡುಕಿ. ಒಮ್ಮೆ ಹುಡುಕಿದ್ದನ್ನು ಇನ್ನೊಬ್ಬರು ಮತ್ತೆ ಹುಡುಕುವುದು ಬೇಡ. ಒಂದೇ ತರಗತಿಯ ನಾಲ್ಕು ಮನೆಯವರು ಸೇರಿ, ಚೆನ್ನಾಗಿ ನೆಟ್ ಬರುವ ಮನೆಯವರು ಇಳಿಸಿ, ಭಾನುವಾರ ಒಂದು ಮೆಮೊರಿ ಕಾರ್ಡಿನಲ್ಲಿ ಹಂಚಿಕೊಳ್ಳಿ. ಊರಿಗೆ ಹೋಗುವವರ ಕೈಯಲ್ಲಿ ಹುರಿಗಾಳು ಕಳಿಸುವಂತೆ ತಾಳವಾಡಿಯ ಮಗುವಿಗೆ ಆ ಕಾರ್ಡನ್ನೂ ಕಳಿಸಬಹುದು. ದಿಂಬಂ ಘಟ್ಟದ 27 ತಿರುವು ಹತ್ತುವ ಬಸ್ಸಿಗೆ ಸಿಗ್ನಲ್ ಬೇಕಾಗಿಲ್ಲ.

ನೆಟ್ ಇಲ್ಲದ ದಾರಿಗಳನ್ನೂ ಮರೆಯಬೇಡಿ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ, ಅದರಲ್ಲಿ ಚಂದನ ಬರುತ್ತದೆ. ಆಕಾಶದಿಂದ ಬರುವ ಚಂದನಕ್ಕೆ 1956ರ ಗೆರೆ ಗೊತ್ತಿಲ್ಲ. ಪಲ್ಲಡಂನಲ್ಲಿ ಕೂತವರಿಗೂ ಮಂಡ್ಯದಲ್ಲಿ ಕೂತವರಿಗೂ ಅದು ಒಂದೇ. ಪ್ರಧಾನಮಂತ್ರಿ ಇ-ವಿದ್ಯಾ ವಾಹಿನಿಗಳನ್ನು 12ರಿಂದ 200ಕ್ಕೆ ಏರಿಸಿ ಪ್ರಾದೇಶಿಕ ಭಾಷೆಗಳಲ್ಲಿ ಪಾಠ ಕೊಡುವುದಾಗಿ 2022ರ ಬಜೆಟ್ ಹೇಳಿತು. ನಿಮ್ಮ ಡಿಶ್‌ನಲ್ಲಿ ಅವು ಬರುತ್ತವೆಯೇ ಎಂದು ಒಮ್ಮೆ ಹುಡುಕಿಸಿ ನೋಡಿ.

ದೂರು ಕೊಡುವುದು ಜಗಳವಲ್ಲ

ನೆಟ್ ಸರಿಯಿಲ್ಲ ಎಂದು ನಾವು ಮನೆಯಲ್ಲಿ ಗೊಣಗುತ್ತೇವೆ, ಆದರೆ ದೂರು ಬರೆಸುವವರು ಕಡಿಮೆ. ಬರೆಸದ ದೂರು ಲೆಕ್ಕಕ್ಕೆ ಬರುವುದಿಲ್ಲ. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕೆಂದು ಕೇಂದ್ರ ಸರ್ಕಾರವೇ ಹೇಳಿದೆ. ಅದಕ್ಕೆ ಮುಂಚೆ ಅದು 512 ಕೆಬಿಪಿಎಸ್ ಇತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮಗಳ ಪ್ರಕಾರ, ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಜಿಲ್ಲಾ ಮಟ್ಟದ ದೊಡ್ಡ ಸ್ಥಗಿತ 24 ಗಂಟೆ ದಾಟಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು.

ನಿಮ್ಮ ವಾರದ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು 198ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. 'ನೆಟ್ ಸ್ಲೋ' ಎನ್ನುವ ಬದಲು, 'ಏಳು ದಿನ ರಾತ್ರಿ ಎಂಟಕ್ಕೆ ಇಷ್ಟು ವೇಗ ಬಂದಿದೆ' ಎಂದು ಅಂಕಿ ಹೇಳಿ. ಉತ್ತರ ಸರಿಬಾರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಲ್ಲೂ ಆಗದಿದ್ದರೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟ್ರಾಯ್ ಸಂಸ್ಥೆ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ ಎಂಬುದು ನೆನಪಿರಲಿ. ಆದರೆ ಟೆಲಿಕಾಂ ಸೇವೆಯ ಕೊರತೆಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಒಬ್ಬರ ದೂರಿಗಿಂತ ಒಂದೇ ಬೀದಿಯ ಹತ್ತು ಮನೆಗಳ ದೂರಿಗೆ ತೂಕ ಹೆಚ್ಚು. ಅದರಲ್ಲಿ ತಮಿಳು ಮನೆಗಳೂ ಇರಲಿ. ಸಂಜೆಯ ಸಂದಣಿ ಎಲ್ಲರದು.

ಶಾಲೆಯನ್ನು, ಸರ್ಕಾರವನ್ನು ಕೇಳಬೇಕಾದ್ದು

ಮಗುವಿನ ಶಾಲೆಯ ಮೇಷ್ಟ್ರಿಗೂ ಇದನ್ನು ಮುಂಚಿತವಾಗಿ ತಿಳಿಸಿ. ನೇರ ಪಾಠದ ಬದಲು ಐದು ನಿಮಿಷದ ಧ್ವನಿ ಸಂದೇಶ ಮತ್ತು ಕರಿಹಲಗೆಯ ಒಂದು ಫೋಟೊ ಕಳಿಸಿದರೆ ಎಂಥ ನೆಟ್‌ನಲ್ಲೂ ತಲುಪುತ್ತದೆ. ಹೋಂವರ್ಕಿಗೆ ಅದೇ ರಾತ್ರಿಯ ಗಡುವು ಇಡದೆ ಮರುದಿನ ಬೆಳಿಗ್ಗೆಯವರೆಗೆ ಕೊಟ್ಟರೆ ಮಗು ಬಿಡುವಿನ ಹೊತ್ತಿಗೆ ಕಳಿಸಬಹುದು. ಆನ್‌ಲೈನ್ ಪರೀಕ್ಷೆಯಲ್ಲಿ ನೆಟ್ ಹೋದರೆ ಏನು ಮಾಡಬೇಕೆಂದು ಪರೀಕ್ಷೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ನೆಟ್ ಹೋಯಿತು ಎಂದು ಮಗು ಹೇಳಿದರೆ ಅದು ನೆಪವಲ್ಲ ಎಂದು ತೋರಿಸಲು ನಿಮ್ಮ ನೋಟ್‌ಬುಕ್ ಇದೆ.

ಇನ್ನು ಸರ್ಕಾರಗಳು. ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧಿಸಿದ್ದನ್ನು ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ ಎಂದಿತು. ಅದೇ ಕೇರಳ ಬಡ ಮನೆಗಳಿಗೆ ಉಚಿತ ಸಂಪರ್ಕ ಕೊಡುವ ಗುರಿಯಿಟ್ಟು 2023ರ ಜೂನ್‌ನಲ್ಲಿ ಕೆ-ಫೋನ್ ಆರಂಭಿಸಿತು. ತಮಿಳುನಾಡಿನಲ್ಲಿ ಭಾರತ್‌ನೆಟ್ ಯೋಜನೆಯಡಿ 12,525 ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೆಲಸ ತಮಿಳುನಾಡು ಫೈಬರ್‌ನೆಟ್ ನಿಗಮದ್ದು. ನಿಮ್ಮ ಪಂಚಾಯಿತಿ ಕಚೇರಿಯ ತನಕ ಫೈಬರ್ ಬಂದಿದೆಯೇ, ಬಂದಿದ್ದರೆ ಸಂಜೆ ಮಕ್ಕಳು ಅಲ್ಲೋ ಗ್ರಂಥಾಲಯದಲ್ಲೋ ಕೂತು ಪಾಠ ಇಳಿಸಿಕೊಳ್ಳಲು ಯಾಕೆ ಆಗಬಾರದು ಎಂದು ಗ್ರಾಮಸಭೆಯಲ್ಲಿ ಕೇಳಿ. ಅದು ನಿಮ್ಮ ಹಕ್ಕಿನ ಜಾಗ.

ಕರ್ನಾಟಕವನ್ನು ಕೇಳಬೇಕಾದ್ದು ಬೇರೆ. ಗಡಿಯಾಚೆಯ ಕನ್ನಡದ ಬಗ್ಗೆ ಮಾತು ಬಂದಾಗಲೆಲ್ಲ ಸಮ್ಮೇಳನ, ಭವನ, ಸನ್ಮಾನಗಳ ಹೆಸರು ಬರುತ್ತದೆ. ಅವು ಬೇಡವೆಂದಲ್ಲ. ಆದರೆ ನಮ್ಮ ಮಕ್ಕಳಿಗೆ ಮೊದಲು ಬೇಕಾದ್ದು ತಮಿಳುನಾಡಿನ ಪಠ್ಯಕ್ರಮದ ಅಧ್ಯಾಯಗಳಿಗೆ ಸರಿಯಾಗಿ ಜೋಡಿಸಿದ ಕನ್ನಡ ಪಾಠಗಳು, ಅವೂ ಚಿಕ್ಕ ಗಾತ್ರದಲ್ಲಿ ಇಳಿಸಿಕೊಳ್ಳುವಂತೆ, ಮೆಮೊರಿ ಕಾರ್ಡಿನಲ್ಲಿ ಹಂಚುವಂತೆ. ಕಾಸರಗೋಡಿನ ಮಕ್ಕಳಿಗೆ ಕೇರಳ 2020ರಲ್ಲಿ ಅವಸರದಲ್ಲೇ ಇಂಥದ್ದು ಮಾಡಲು ಸಾಧ್ಯವಾಯಿತು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇರುವುದೇ ಗಡಿಯ ಕೆಲಸಕ್ಕೆ. ಒಂದರಿಂದ ಹತ್ತರವರೆಗಿನ ಗಣಿತ, ವಿಜ್ಞಾನದ ಪಾಠಗಳನ್ನು ಜೋಡಿಸುವುದು ಭವನ ಕಟ್ಟುವಷ್ಟು ದೊಡ್ಡ ಖರ್ಚಿನ ಕೆಲಸವಲ್ಲ. ಮುಂದಿನ ಸಲ ಯಾರಾದರೂ ಮಂತ್ರಿಗಳು ಗಡಿನಾಡಿನ ವೇದಿಕೆಗೆ ಬಂದಾಗ ಮನವಿಪತ್ರದಲ್ಲಿ ಇದನ್ನೂ ಬರೆಯಿರಿ.

ಹೆಚ್ಚಿನ ಮನೆಗಳಲ್ಲಿ ಕನ್ನಡ ಮಾಧ್ಯಮ ಬಿಡುವ ನಿರ್ಧಾರ ಒಂದೇ ದಿನದಲ್ಲಿ ಆಗುವುದಿಲ್ಲ. ಒಂದು ಸಂಜೆ ಪಾಠ ಓಡುವುದಿಲ್ಲ, ಇನ್ನೊಂದು ಸಂಜೆ ಪುಸ್ತಕ ಸಿಗುವುದಿಲ್ಲ, ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆ ಬರುತ್ತದೆ, 'ಇದೆಲ್ಲ ಯಾಕೆ, ಇಂಗ್ಲಿಷಿಗೆ ಹಾಕಿಬಿಡಿ' ಎಂದು ಯಾರೋ ಹೇಳುತ್ತಾರೆ. ಮಗು ಸೋತದ್ದು ಕನ್ನಡದಿಂದ ಎಂದು ಎಲ್ಲರೂ ನಂಬುತ್ತಾರೆ. ಹಾಗೆ ನಂಬುವ ಮೊದಲು ಸೋತದ್ದು ಭಾಷೆಯೋ ಟವರೋ ಎಂದು ಒಂದು ವಾರ ಅಳೆದು ನೋಡಿ. ಟವರೇ ಆಗಿದ್ದರೆ ಅದಕ್ಕೆ ಮದ್ದಿದೆ. ಸ್ವಲ್ಪ ನಿಮ್ಮ ಕಿಟಕಿಯಲ್ಲಿದೆ, ಸ್ವಲ್ಪ ಬೆಳಗಿನ ಐದು ಗಂಟೆಯಲ್ಲಿದೆ, ಉಳಿದದ್ದು ನೀವು ಬರೆಸುವ ದೂರಿನಲ್ಲಿದೆ.